ಶಿಲೆಯಿಂದ ಕಡತಕ್ಕೆ: ಕೋಲಾರ ಸೀಮೆಯ ಶಾಸನಗಳ ರೂಪಾಂತರ

'ಕಡತ' ಎಂಬ ಕನ್ನಡ ಶಬ್ದವು ಮೂರು ಅವಸ್ಥೆಗಳನ್ನು ಕಂಡಿರುವುದು. ಹುಣಿಸೆಬೀಜದ ಅಂಟನ್ನೂ ಇದ್ದಲ ಪುಡಿಯನ್ನೂ ಬಳಿದು ಕಪ್ಪುಮಾಡಿ, ಮಡಿಕೆಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಬಟ್ಟೆಯ ಪುಸ್ತಕಕ್ಕೆ ಅದು ಮೊದಲು ಹೆಸರಾಗಿದ್ದಿತು. ಮೈಸೂರು ದೇಶದ ಚರಿತ್ರೆಯನ್ನು ಬರೆದ ಮಾರ್ಕ್ ವಿಲ್ಕ್ಸನು ೧೮೧೦ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಇದನ್ನು ವರ್ಣಿಸಿದ್ದಾನೆ. ತರುವಾಯ ಕಾಗದವು ಬಳಕೆಗೆ ಬಂದು ಬಟ್ಟೆಯು ಮರೆಯಾದ ಮೇಲೆ ಕಚೇರಿಯ ಕಾಗದಗಳ ಕಟ್ಟಿಗೆ ಅದೇ ಹೆಸರು ನಿಂತಿತು. ಈಗ ಗಣಕಯಂತ್ರದೊಳಗಣ ಕಣ್ಣಿಗೆ ಕಾಣದ ಲೇಖನಸಮೂಹವೂ ಕಡತವೆಂದೇ ಕರೆಯಲ್ಪಡುತ್ತಿದೆ. ಶಬ್ದವೊಂದೇ ಉಳಿದು ವಸ್ತುವು ಎರಡು ಸಲ ಬದಲಾಯಿತು. ಹೀಗೆ ಬದಲಾಗುವಾಗ ಹಳೆಯದರಲ್ಲಿದ್ದ ಯಾವ ಅಂಶಗಳು ಹೊಸದಕ್ಕೆ ದಾಟಿದುವು, ಯಾವುವು ದಾಟದೆ ಹೋದುವು ಎಂಬ ವಿಚಾರವು ಚರಿತ್ರೆಯನ್ನೂ ಸಾಹಿತ್ಯಚರಿತ್ರೆಯನ್ನೂ ಅಭ್ಯಸಿಸುವವರಿಗೆ ಅಲಕ್ಷ್ಯಮಾಡತಕ್ಕುದಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ತಾಲ್ಲೂಕುಗಳ ಶಿಲಾಶಾಸನಗಳು ಶಿಲೆಯಿಂದ ಕಾಗದಕ್ಕೂ ಕಾಗದದಿಂದ ಅಚ್ಚಿಗೂ ಅಚ್ಚಿನಿಂದ ಗಣಕಕ್ಕೂ ಬಂದ ಕ್ರಮವು ಈ ವಿಚಾರಕ್ಕೆ ಒಳ್ಳೆಯ ದೃಷ್ಟಾಂತವಾಗಿದೆ.

ಅವಿಭಕ್ತ ಕೋಲಾರ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್‌ರವರು 'ಎಪಿಗ್ರಾಫಿಯ ಕರ್ಣಾಟಿಕ'ದ ಹತ್ತನೆಯ ಸಂಪುಟವಾಗಿ ೧೯೦೫ರಲ್ಲಿ ಪ್ರಕಟಿಸಿದರು. ಅದರಲ್ಲಿ ಒಟ್ಟು ೧೩೪೭ ಶಾಸನಗಳಿರುವುವು. ಇವುಗಳಲ್ಲಿ ೭೧೪ ಕನ್ನಡದವು, ೪೨೨ ತಮಿಳಿನವು, ೨೧೧ ತೆಲುಗಿನವು. ಮೂರು ಭಾಷೆಗಳು ಇಷ್ಟು ಪ್ರಮಾಣದಲ್ಲಿ ಒಂದೇ ಜಿಲ್ಲೆಯ ಕಲ್ಲುಗಳಲ್ಲಿ ಸೇರಿರುವುದು ಆ ಸೀಮೆಯ ರಾಜಕೀಯ ಚರಿತ್ರೆಯ ಫಲ. ಗಂಗರು ತಮ್ಮನ್ನು ಕುವಳಾಲಪುರದ ಒಡೆಯರೆಂದು ಹೇಳಿಕೊಳ್ಳುತ್ತಿದ್ದರು. ಆ ಕುವಳಾಲವೇ ಕೋಲಾರ. ನೊಳಂಬರು ಮುಳಬಾಗಿಲು ತಾಲ್ಲೂಕಿನ ಆವನಿಯಲ್ಲಿ ದೇಗುಲಗಳ ಗುಂಪನ್ನೇ ಬಿಟ್ಟುಹೋದರು. ಹನ್ನೊಂದನೆಯ ಶತಮಾನದ ಮೊದಲಲ್ಲಿ ಚೋಳರು ಬಂದು ಈ ಪ್ರಾಂತ್ಯವನ್ನು ನಿಗರಿಲಿಚೋಳಮಂಡಲವೆಂದು ಕರೆದರು; ಕೋಲಾರಮ್ಮನ ಗುಡಿಯ ತಮಿಳು ಶಾಸನಗಳು ಅವರ ಆಳ್ವಿಕೆಯ ಗುರುತು. ಹೊಯ್ಸಳರ ತರುವಾಯ ವಿಜಯನಗರದವರ ಕಾಲದಲ್ಲಿ ಮುಳುವಾಯಿ ರಾಜ್ಯವೆಂಬ ಹೆಸರಿನಿಂದ ಮುಳಬಾಗಿಲು ಒಂದು ಪ್ರಾಂತ್ಯದ ರಾಜಧಾನಿಯಾಗಿದ್ದಿತು.

ಶಾಸನವೆಂಬುದು ಸಾರವಾಗಿ ನೋಡಿದರೆ ಒಂದು ದಾಖಲೆ. ಯಾರು, ಯಾವಾಗ, ಎಲ್ಲಿ, ಯಾರ ಆಳ್ವಿಕೆಯಲ್ಲಿ, ಏನು ಮಾಡಿದರು ಎಂಬ ಐದು ಪ್ರಶ್ನೆಗಳಿಗೆ ಉತ್ತರ ಅದರಲ್ಲಿರುತ್ತದೆ. ಆವನಿಯ ಸ್ಥಾನಾಧಿಪತಿಯಾಗಿದ್ದ ತ್ರಿಭುವನಕರ್ತಾರದೇವನೆಂಬ ತಪಸ್ವಿಯ ವಿಷಯವನ್ನು ನೋಡಬಹುದು. ಆತನು ೪೦ ವರ್ಷ ಆ ಸ್ಥಾನವನ್ನಾಳಿ, ೫೦ ದೇಗುಲಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿ, ಹತ್ತನೆಯ ಶತಮಾನದಲ್ಲಿ ಕಾಲವಾದನೆಂಬುದು ಕಲ್ಲಿನ ಬರೆಹದಿಂದಲೇ ತಿಳಿಯಬರುತ್ತದೆ. ಆ ಕಲ್ಲು ಇಲ್ಲದಿದ್ದರೆ, ಅಥವಾ ಕಲ್ಲನ್ನು ಓದಿದವರು ಸಂಖ್ಯೆಗಳನ್ನು ತಪ್ಪಿದ್ದರೆ, ಆತನ ಆಯುಷ್ಯದ ಕೆಲಸವೆಲ್ಲ ಹೆಸರಿಲ್ಲದ ಗುಡಿಗಳಾಗಿ ಉಳಿಯುತ್ತಿದ್ದಿತು.

ಕಲ್ಲಿನ ಬರೆಹವೇ ಮೂಲವೆಂದು ಸಾಮಾನ್ಯವಾಗಿ ತಿಳಿಯುವರಾದರೂ, ಅದೂ ಒಂದರ್ಥದಲ್ಲಿ ಪ್ರತಿಯೇ. ರಾಜನ ಅಥವಾ ಮಹಾಜನರ ನಿರ್ಣಯವು ಮೊದಲು ಓಲೆಯಲ್ಲಿಯೋ ಬಟ್ಟೆಯಲ್ಲಿಯೋ ಬರೆಯಲ್ಪಟ್ಟು, ಬಳಿಕ ಕಲ್ಲುಕುಟಿಗನ ಕೈಗೆ ಬರುತ್ತಿದ್ದಿತು. ಹಲವು ಶಾಸನಗಳ ಕೊನೆಯಲ್ಲಿ ಬರೆದವನ ಹೆಸರೂ ಕಂಡರಿಸಿದವನ ಹೆಸರೂ ಬೇರೆಬೇರೆಯಾಗಿ ಬರುವುದು ಇದಕ್ಕೆ ಸಾಕ್ಷಿ. ಓಲೆಯನ್ನು ಬರೆದವನು ವಿದ್ವಾಂಸ. ಕಲ್ಲನ್ನು ಕೊರೆದವನು ಶಿಲ್ಪಿ. ಒಬ್ಬನ ಅಕ್ಷರವು ಇನ್ನೊಬ್ಬನ ಉಳಿಯ ಮೂಲಕ ದಾಟುವಾಗ ಒತ್ತಕ್ಷರವೊಂದು ಬಿಟ್ಟುಹೋಗುವುದೂ ಸಾಲೊಂದು ಎರಡು ಸಲ ಬರುವುದೂ ಅಪೂರ್ವವಲ್ಲ. ಆದುದರಿಂದ ದಾಖಲೆಗಳ ರೂಪಾಂತರವು ಈ ಕಾಲದವರು ಕಂಡುಹಿಡಿದ ತೊಡಕೇನೂ ಅಲ್ಲ. ಅದು ಬರವಣಿಗೆಯಷ್ಟೇ ಹಳೆಯದು.

ಇನ್ನು ಕಲ್ಲಿನಿಂದ ಕಾಗದಕ್ಕೆ ಬಂದ ಕ್ರಮವನ್ನು ನೋಡಬೇಕು. ಮೈಸೂರು ಸೀಮೆಯ ಶಾಸನಗಳ ಛಾಯಾಚಿತ್ರಗಳನ್ನು ೧೮೬೫ರಲ್ಲಿ ಡಿಕ್ಸನ್ ಎಂಬ ಸೇನಾಧಿಕಾರಿಯು ತೆಗೆದನು. ಅಂಥ ಚಿತ್ರಗಳನ್ನು ಆಧಾರವಾಗಿಟ್ಟುಕೊಂಡು ರೈಸ್‌ರವರು ೧೮೭೯ರಲ್ಲಿ 'ಮೈಸೂರು ಇನ್‌ಸ್ಕ್ರಿಪ್‌ಷನ್ಸ್' ಎಂಬ ಅನುವಾದಗ್ರಂಥವನ್ನು ಹೊರತಂದರು. ಛಾಯಾಚಿತ್ರವು ಕಲ್ಲಿನ ರೂಪವನ್ನು ತೋರಿಸುತ್ತದೆಯೇ ಹೊರತು, ಸವೆದ ಗೆರೆಯ ಆಳವನ್ನು ಎಲ್ಲ ವೇಳೆಯಲ್ಲಿಯೂ ತೋರಿಸಲಾರದು. ನೆರಳು ಬಿದ್ದೆಡೆಯಲ್ಲಿ ಅಕ್ಷರವಿಲ್ಲದೆಯೂ ಅಕ್ಷರ ಕಾಣುತ್ತದೆ. ಅಚ್ಚೊತ್ತುವ ಕ್ರಮವು ಈ ಕೊರತೆಯನ್ನು ಬಹುಮಟ್ಟಿಗೆ ನೀಗಿಸಿತು. ಕಲ್ಲನ್ನು ತೊಳೆದು, ನೆನೆಸಿದ ಕಾಗದವನ್ನು ಅದರ ಮೇಲೆ ಹರವಿ, ಬಿರುಸಾದ ಕುಂಚದಿಂದ ಬಡಿದು, ಕಾಗದವು ಅಕ್ಷರದ ಕುಳಿಗಳೊಳಗೆ ಇಳಿದಮೇಲೆ ಮಸಿಯನ್ನು ಮೆಲ್ಲಗೆ ತಟ್ಟುವರು. ಉಬ್ಬಿದ ಭಾಗವು ಕಪ್ಪಾಗಿ, ಕೊರೆದ ಅಕ್ಷರವು ಬಿಳಿದಾಗಿ ಉಳಿಯುವುದು. ಈ ಪ್ರತಿಯಲ್ಲಿ ಓದುವವನ ಊಹೆ ಇನ್ನೂ ಸೇರಿರುವುದಿಲ್ಲ. ಊಹೆಯು ಸೇರುವುದು ಇದರ ಮುಂದಿನ ಹೆಜ್ಜೆಯಲ್ಲಿ, ಅಂದರೆ ಅಚ್ಚಿನ ಮೊಳೆಗಳನ್ನು ಜೋಡಿಸುವುದಕ್ಕಾಗಿ ಪಾಠವನ್ನು ನಿರ್ಣಯಿಸುವಲ್ಲಿ. ಅಲ್ಲಿಯವರೆಗೆ ಸಂದಿಗ್ಧವಾಗಿದ್ದ ಅಕ್ಷರವು ಅಚ್ಚಿನಲ್ಲಿ ನಿಸ್ಸಂದಿಗ್ಧವಾದಂತೆ ತೋರುವುದು. ಓದುಗನು ಮುದ್ರಿತ ಪಾಠವನ್ನೇ ಶಾಸನವೆಂದು ನಂಬುವುದು ಹೀಗೆ.

ಅಚ್ಚಿಗೆ ಬಂದುದು ಅಕ್ಷರಭಾಗ ಮಾತ್ರವೆಂಬುದನ್ನೂ ಮರೆಯಬಾರದು. ವೀರಗಲ್ಲಿನಲ್ಲಿ ಕೆಳಗಣ ಪಟ್ಟಿಕೆಯ ಯುದ್ಧ, ನಡುವಣ ಅಪ್ಸರೆಯರು, ಮೇಲಣ ದೇವಸನ್ನಿಧಿ ಇವು ಬರೆಹದಷ್ಟೇ ಮಾತಾಡುವುವು. ದಾನಶಾಸನದ ನೆತ್ತಿಯ ಸೂರ್ಯಚಂದ್ರರು, ದಾನವು ಆಚಂದ್ರಾರ್ಕವಾಗಿ ನಡೆಯಬೇಕೆಂಬ ಮಾತಿನ ಚಿತ್ರರೂಪ. ಪಾಠವನ್ನಷ್ಟೇ ಅಚ್ಚುಹಾಕಿದಾಗ ಈ ಚಿತ್ರಭಾಗವು ಹಿಂದೆ ಉಳಿಯಿತು. ಕಲ್ಲು ಸ್ಥಳದಲ್ಲಿ ಇರುವವರೆಗೆ ಇದರಿಂದ ಹಾನಿಯಿಲ್ಲ. ಕಲ್ಲು ಹೋದಮೇಲೆ ಇದೇ ದೊಡ್ಡ ಹಾನಿ.

ಲಿಪಿಯ ವಿಷಯದಲ್ಲಿ ತೊಡಕು ಇನ್ನೂ ಸೂಕ್ಷ್ಮವಾದುದು. ತಮಿಳು ಲಿಪಿಯಲ್ಲಿ ಕಕಾರ ಗಕಾರಗಳಿಗೂ, ತಕಾರ ದಕಾರಗಳಿಗೂ, ಪಕಾರ ಬಕಾರಗಳಿಗೂ ಬೇರೆಬೇರೆ ಅಕ್ಷರಗಳಿಲ್ಲ. ಮಾಲೂರು, ಕೋಲಾರ ತಾಲ್ಲೂಕುಗಳ ತಮಿಳು ಶಾಸನವೊಂದನ್ನು ಕನ್ನಡ ಲಿಪಿಯಲ್ಲಿ ಬರೆಯಹೊರಟವನು ಪ್ರತಿ ಪದದಲ್ಲಿಯೂ ಒಂದನ್ನು ಆರಿಸಿಕೊಳ್ಳಬೇಕಾಗುವುದು. ಉಚ್ಚಾರಣೆಯನ್ನು ಅನುಸರಿಸಿ 'ಗ' ಎಂದು ಬರೆದರೆ ಕಲ್ಲಿನಲ್ಲಿ ಇಲ್ಲದ ವಿವೇಚನೆಯನ್ನು ಸೇರಿಸಿದಂತಾಗುವುದು. ಅಕ್ಷರವನ್ನು ಅನುಸರಿಸಿ 'ಕ' ಎಂದೇ ಬರೆದರೆ ಓದುಗನ ಕಿವಿಗೆ ವಿರೂಪವಾಗುವುದು. ಅದೇ ಶಾಸನಗಳಲ್ಲಿ ಸಂಸ್ಕೃತ ಪದಗಳು ಗ್ರಂಥಲಿಪಿಯಲ್ಲಿ ಬರುವುದುಂಟು. ಎಲ್ಲವನ್ನೂ ಒಂದೇ ಲಿಪಿಗೆ ತಂದೊಡನೆಯೇ ಗ್ರಂಥಾಕ್ಷರವೆಲ್ಲಿ ಮುಗಿಯಿತು, ತಮಿಳಕ್ಷರವೆಲ್ಲಿ ಮೊದಲಾಯಿತು ಎಂಬ ಗಡಿ ಅಳಿಸಿಹೋಗುವುದು. ಬರೆದವನು ಯಾವ ಪದವನ್ನು ಸಂಸ್ಕೃತವೆಂದು ಭಾವಿಸಿದ್ದನೆಂಬ ಸೂಚನೆಯೂ ಅದರೊಡನೆಯೇ ಹೋಗುವುದು.

ಕನ್ನಡ ಶಾಸನಗಳಲ್ಲಿ ಱ, ೞ ಎಂಬ ಎರಡು ಅಕ್ಷರಗಳ ಗತಿಯೂ ಇಂಥದೇ. 'ಅಱಿ' ಎಂದರೆ ತಿಳಿ. 'ಅರಿ' ಎಂದರೆ ಕತ್ತರಿಸು. 'ಏೞು' ಎಂಬುದು ಕಾಲಕ್ರಮದಿಂದ 'ಏಳು' ಎಂದಾಯಿತು. ಈ ಅಕ್ಷರಗಳು ಎಲ್ಲಿ ಸರಿಯಾಗಿ ಬಂದಿವೆ, ಎಲ್ಲಿ ಕಲಸಿಹೋಗಿವೆ ಎಂಬುದನ್ನು ನೋಡಿ, ಕಾಲ ಹೇಳದ ಶಾಸನದ ಕಾಲವನ್ನು ಪಂಡಿತರು ಅಂದಾಜುಮಾಡುವರು. ಹಳಗನ್ನಡ ಪದ್ಯದ ಪ್ರಾಸಶುದ್ಧಿಯನ್ನು ಪರೀಕ್ಷಿಸುವುದಕ್ಕೂ ಇವು ಬೇಕು. ಇಂದಿನ ಓದುಗನಿಗೆ ಸುಲಭವಾಗಲೆಂದು ಪ್ರತಿಕಾರನು ಇವನ್ನು ರ, ಳ ಎಂದು ತಿದ್ದಿದರೆ ಅರ್ಥವು ಕೆಡದಿರಬಹುದು, ಆದರೆ ಪ್ರಮಾಣವು ಕೆಡುವುದು.

ಎಲ್ಲಕ್ಕಿಂತ ಹೆಚ್ಚಿನ ಎಚ್ಚರಿಕೆ ಬೇಕಾದುದು ಕಾಲನಿರ್ದೇಶದ ರೂಪಾಂತರದಲ್ಲಿ. ಈ ಸೀಮೆಯ ಕಲ್ಲುಗಳಲ್ಲಿ ಕಾಲವನ್ನು ಹೇಳುವ ಕ್ರಮಗಳು ಮುಖ್ಯವಾಗಿ ಮೂರು. ಮೊದಲನೆಯದು ಶಕವರ್ಷ. ಎರಡನೆಯದು ಪ್ರಭವಾದಿ ೬೦ ಸಂವತ್ಸರಗಳ ಚಕ್ರ. ಮೂರನೆಯದು ಅರಸನ ಆಳ್ವಿಕೆಯ ವರ್ಷ. ಚೋಳರ ತಮಿಳು ಶಾಸನಗಳಲ್ಲಿ ಸಾಮಾನ್ಯವಾಗಿ ಕಾಣುವುದು ಇದೇ. ಈ ಮೂರನ್ನೂ ಕ್ರಿಸ್ತಶಕವೆಂಬ ಒಂದೇ ಅಳತೆಗೆ ತರುವಾಗ ಒಂದೊಂದರಲ್ಲಿಯೂ ಒಂದೊಂದು ಬಗೆಯ ಅಪಾಯವಿದೆ.

ಶಕವರ್ಷ ೧೩೫೩ನ್ನು ದೃಷ್ಟಾಂತವಾಗಿ ತೆಗೆದುಕೊಳ್ಳಬಹುದು. ಇದಕ್ಕೆ ೭೮ನ್ನು ಕೂಡಿಸಿದರೆ ೧೪೩೧ ಬರುವುದು. ಆದರೆ ಶಾಸನದ ತಿಥಿಯು ಮಾಘ ಅಥವಾ ಫಾಲ್ಗುಣ ಮಾಸದ್ದಾದರೆ ಕ್ರಿಸ್ತವರ್ಷವು ಅಷ್ಟರಲ್ಲಿ ತಿರುಗಿರುವುದರಿಂದ ೧೪೩೨ ಎಂದಾಗಬೇಕು. ಹೇಳಿದ ವರ್ಷವು ಕಳೆದ ವರ್ಷವಲ್ಲದೆ ನಡೆಯುತ್ತಿರುವ ವರ್ಷವಾದರೆ ಎಣಿಕೆಯು ಒಂದು ವರ್ಷ ಹಿಂದಕ್ಕೆ ಸರಿಯುವುದು. ಪದ್ಯದಲ್ಲಿ ಇದೇ ಸಂಖ್ಯೆಯನ್ನು ಗುಣ, ಶರ, ಗುಣ, ಭೂ ಎಂಬ ಸಂಕೇತಪದಗಳಿಂದ ಸೂಚಿಸಬಹುದು. ಗುಣವೆಂದರೆ ೩, ಶರವೆಂದರೆ ೫, ಭೂ ಎಂದರೆ ೧. ಅಂಕಗಳನ್ನು ಬಲದಿಂದ ಎಡಕ್ಕೆ ಇಡಬೇಕೆಂಬ ನಿಯಮವನ್ನು ಅರಿಯದವನು ಅದನ್ನು ೩೫೩೧ ಎಂದು ಓದಿ ದಿಗ್ಭ್ರಾಂತನಾಗುವನು.

ಶಕ ೧೩೫೩ಕ್ಕೆ ವಿರೋಧಿಕೃತ್ ಸಂವತ್ಸರ. ಕಲ್ಲಿನಲ್ಲಿ ಶಕವರ್ಷವು ಸವೆದು ಸಂವತ್ಸರದ ಹೆಸರು ಮಾತ್ರ ಉಳಿದಿದ್ದರೆ, ಅದು ೧೩೭೧ ಆಗಬಹುದು, ೧೪೩೧ ಆಗಬಹುದು, ೧೪೯೧ ಆಗಬಹುದು. ೬೦ ವರ್ಷಗಳಾದ ಮೇಲೆ ಎಣಿಕೆಯು ಮೊದಲಿಗೇ ಬರುವುದರಿಂದ ಈ ಸಂದೇಹವು ಅನಿವಾರ್ಯ. ಆಗ ಬಿಡಿಸಿಕೊಡುವುದು ಅರಸನ ಹೆಸರು: ಬುಕ್ಕರಾಯನೆಂದಿದ್ದರೆ ಮೊದಲನೆಯದು, ದೇವರಾಯನೆಂದಿದ್ದರೆ ಎರಡನೆಯದು, ಸಾಳುವರ ಹೆಸರಿದ್ದರೆ ಮೂರನೆಯದು. ಇದು ಕೇವಲ ಗಣಿತವಿನೋದವಲ್ಲ. ಇಮ್ಮಡಿ ದೇವರಾಯನ ದಂಡನಾಯಕನೂ 'ಶಿವತತ್ತ್ವಚಿಂತಾಮಣಿ'ಯ ಕರ್ತೃವೂ ಆದ ಲಕ್ಕಣ್ಣ ದಂಡೇಶನ ಹೆಸರು ಮುಳಬಾಗಿಲು ತಾಲ್ಲೂಕಿನ ಹದಿನೈದನೆಯ ಶತಮಾನದ ಶಾಸನಗಳಲ್ಲಿ ದೊರೆಯುತ್ತದೆ. ಕವಿಯ ಕಾಲವನ್ನು ನಿಶ್ಚಯಿಸುವುದಕ್ಕೆ ಗ್ರಂಥದ ಒಳಗಿನ ಆಧಾರಕ್ಕಿಂತ ಕಲ್ಲಿನ ಆಧಾರವು ಬಲವಾದುದು. ರೈಸ್‌ರವರ ತರುವಾಯ ಮೈಸೂರು ಶಾಸನ ಇಲಾಖೆಯ ಅಧಿಕಾರವನ್ನು ವಹಿಸಿದ ಆರ್. ನರಸಿಂಹಾಚಾರ್ಯರೇ 'ಕರ್ಣಾಟಕ ಕವಿಚರಿತೆ'ಯನ್ನೂ ರಚಿಸಿದರೆಂಬುದು ಈ ಎರಡು ವಿದ್ಯೆಗಳ ಸಂಬಂಧವನ್ನು ತೋರಿಸುವುದು. ಶಾಸನದ ಕಾಲವು ೬೦ ವರ್ಷ ತಪ್ಪಿದರೆ ಕವಿಯು ಎರಡು ತಲೆಮಾರು ಹಿಂದಕ್ಕೋ ಮುಂದಕ್ಕೋ ಹೋಗುವನು. ಅವನಿಂದ ಯಾರು ಕಲಿತರು, ಯಾರಿಂದ ಅವನು ಕಲಿತನು ಎಂಬ ಪರಂಪರೆಯೇ ತಲೆಕೆಳಗಾಗುವುದು.

ಆಳ್ವಿಕೆಯ ವರ್ಷದ ತೊಡಕು ಬೇರೆ ಬಗೆಯದು. ಅಲ್ಲಿ ಎಣಿಕೆಯ ಮೊದಲು ಯಾವುದೆಂಬುದೇ ಪ್ರಶ್ನೆ. ರಾಜೇಂದ್ರಚೋಳನು ತಂದೆಯಾದ ರಾಜರಾಜನೊಡನೆ ೧೦೧೨ರಲ್ಲಿ ಯುವರಾಜನಾಗಿ ಆಳತೊಡಗಿ, ೧೦೧೪ರಲ್ಲಿ ತಾನೊಬ್ಬನೇ ಅರಸನಾದನು. ಅವನ ೧೨ನೆಯ ವರ್ಷವೆಂಬುದನ್ನು ಮೊದಲನೆಯದರಿಂದ ಎಣಿಸಿದರೆ ೧೦೨೩-೨೪, ಎರಡನೆಯದರಿಂದ ಎಣಿಸಿದರೆ ೧೦೨೫-೨೬. ಚೋಳರಾಜರ ಇಂಥ ಪಟ್ಟಾಭಿಷೇಕಕಾಲಗಳನ್ನು ಕೀಲ್‌ಹಾರ್ನ್ ಪಂಡಿತನು ಜ್ಯೋತಿರ್ಗಣಿತದಿಂದ ನಿಶ್ಚಯಿಸಿದನು. ರಾಜೇಂದ್ರನ ಎಣಿಕೆಯು ೧೦೧೨ರಿಂದಲೇ ಮೊದಲಾಗುವುದೆಂದು ಹಾಗೆ ಸ್ಥಿರಪಟ್ಟಿತು. ಅವನಿಗೆ ಸಾಧನವಾದುವು ಶಾಸನಗಳಲ್ಲಿ ವರ್ಷದೊಡನೆ ಕೊಟ್ಟಿದ್ದ ವಾರ, ತಿಥಿ, ನಕ್ಷತ್ರಗಳು. ಇಲ್ಲಿ ಒಂದು ಮುಖ್ಯವಾದ ಪಾಠವಿದೆ. ದಾನವೇನು, ಕೊಟ್ಟವರಾರು ಎಂಬುದನ್ನು ಮಾತ್ರ ನೋಡುವ ಪ್ರತಿಕಾರನಿಗೆ ವಾರನಕ್ಷತ್ರಗಳು ಅನಾವಶ್ಯಕವಾಗಿ ತೋರಬಹುದು. ಅವನು ಅವನ್ನು ಬಿಟ್ಟು ಸಂಗ್ರಹಿಸಿದ್ದರೆ ಕೀಲ್‌ಹಾರ್ನನ ಗಣಿತಕ್ಕೆ ಹಿಡಿಯಲು ಎಳೆಯೇ ಇರುತ್ತಿರಲಿಲ್ಲ. ಒಂದು ತಲೆಮಾರಿಗೆ ನಿರುಪಯೋಗವೆಂದು ಕಂಡ ಅಂಶವು ಮುಂದಿನ ತಲೆಮಾರಿಗೆ ಏಕಮಾತ್ರ ಪ್ರಮಾಣವಾಯಿತು.

ಸ್ಥಳದ ಹೆಸರಿನಲ್ಲಿಯೂ ಇದೇ ನೀತಿ ಅನ್ವಯಿಸುವುದು. ರೈಸ್‌ರವರು ಶಾಸನಗಳನ್ನು ತಾಲ್ಲೂಕಿನ ಹೆಸರು, ಕ್ರಮಸಂಖ್ಯೆ ಇವುಗಳಿಂದ ಗುರುತಿಸಿದರು. ವಿದ್ವಾಂಸರು ಇಂದಿಗೂ ಆ ಗುರುತುಗಳನ್ನೇ ಉದಾಹರಿಸುವರು. ಆದರೆ ಶ್ರೀನಿವಾಸಪುರವೆಂಬ ಹೆಸರು ಪ್ರಾಚೀನವಲ್ಲ. ಪಾಪನಪಲ್ಲಿಯಾಗಿದ್ದ ಆ ಊರಿಗೆ ದಿವಾನ್ ಪೂರ್ಣಯ್ಯನವರು ತಮ್ಮ ಮಗ ಶ್ರೀನಿವಾಸಮೂರ್ತಿಯ ಹೆಸರಿನಿಂದ ಶ್ರೀನಿವಾಸಪುರವೆಂದು ಹೆಸರಿಟ್ಟರು. ಆ ತಾಲ್ಲೂಕಿನ ಹಳೆಯ ಕಲ್ಲುಗಳನ್ನು ಕಂಡರಿಸಿದವರು ಈ ಹೆಸರನ್ನು ಕೇಳಿಯೇ ಇರಲಿಲ್ಲ. ಬೌರಿಂಗ್‌ಪೇಟೆಯು ಬಂಗಾರಪೇಟೆಯಾಯಿತು. ೨೦೦೭ರಲ್ಲಿ ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿ ಮೊದಲಾದ ತಾಲ್ಲೂಕುಗಳು ಕೋಲಾರ ಜಿಲ್ಲೆಯಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದುವು. ಹೊಸ ವಿಭಾಗಕ್ಕೆ ತಕ್ಕಂತೆ ಶಾಸನಗಳ ಸಂಖ್ಯೆಯನ್ನು ಬದಲಾಯಿಸುವವರು ಹಳೆಯ ಸಂಖ್ಯೆಯನ್ನು ಪಕ್ಕದಲ್ಲಿಯೇ ಇಡದಿದ್ದರೆ, ೧೯೦೫ರಿಂದ ಈಚಿನ ಲೇಖನಗಳ ಉದಾಹರಣೆಗಳೆಲ್ಲವೂ ಬಾಗಿಲಿಲ್ಲದ ಮನೆಯ ಬೀಗದ ಕೈಗಳಾಗುವುವು.

ಗಣಕಯಂತ್ರದ ಲೋಕದಲ್ಲಿ ಈಚೆಗೆ ನಡೆದ ಒಂದು ರೂಪಾಂತರವು ಇದಕ್ಕೆ ಆಶ್ಚರ್ಯಕರವಾದ ಸಾದೃಶ್ಯವನ್ನು ಹೊಂದಿದೆ. ಯೂನಿಕ್ಸ್ ಮತ್ತು ಲಿನಕ್ಸ್ ವರ್ಗದ ಯಂತ್ರವ್ಯವಸ್ಥೆಗಳಲ್ಲಿ ಯಾರು, ಯಾವ ದ್ವಾರದಿಂದ, ಯಾವ ಕ್ಷಣದಲ್ಲಿ ಒಳಗೆ ಬಂದರು, ಯಾವಾಗ ಹೊರಟರು ಎಂಬುದನ್ನು ಬರೆದಿಡುವ ಕಡತವೊಂದುಂಟು. ಅದರ ಹೆಸರು 'ಡಬ್ಲ್ಯುಟಿಎಂಪಿ'. ಲಿನಕ್ಸ್‌ನಲ್ಲಿ ಬಂದವನ ಹೆಸರಿಗೆ ೩೨ ಅಕ್ಷರಗಳಷ್ಟು ಸ್ಥಳವನ್ನು ಅಳೆದಿಟ್ಟಿದ್ದರು. ಕಾಲವನ್ನು ೧೯೭೦ನೆಯ ಜನವರಿ ೧ರಿಂದ ಕಳೆದ ಸೆಕೆಂಡುಗಳ ಲೆಕ್ಕದಲ್ಲಿ ಬರೆಯುವರು. ಶಾಲಿವಾಹನಶಕಕ್ಕೆ ಕ್ರಿ. ಶ. ೭೮ ಹೇಗೋ, ಆ ಯಂತ್ರಗಳಿಗೆ ೧೯೭೦ ಹಾಗೆ. ಆದರೆ ಆ ಕಡತದಲ್ಲಿ ಕಾಲಕ್ಕಾಗಿ ಮೀಸಲಾದ ಸ್ಥಳವು ಕಿರಿದಾದುದರಿಂದ ಎಣಿಕೆಯು ೨೧೪,೭೪,೮೩,೬೪೭ ಸೆಕೆಂಡುಗಳಿಗೆ, ಅಂದರೆ ೨೦೩೮ನೆಯ ಜನವರಿ ೧೯ಕ್ಕೆ, ತುಂಬಿಹೋಗುವುದು. ಮರುಕ್ಷಣವೇ ಲೆಕ್ಕವು ಹಿಂದಕ್ಕೆ ಹಾರಿ ಕಾಲವು ಸುಳ್ಳಾಗುವುದು. ಅಕ್ಷಯದ ಮರುವರ್ಷ ಪ್ರಭವವೇ ಬರುವಂತೆ ಇದೂ ಒಂದು ಚಕ್ರ. ಈ ಕಾರಣದಿಂದ ಹಳೆಯ ಕಡತಕ್ಕೆ ಬದಲಾಗಿ ವಿಶಾಲವಾದ ಕಾಲಸ್ಥಾನವುಳ್ಳ ದತ್ತಕೋಶವನ್ನು ಬಳಸುವ ಕ್ರಮವು ಬಂದಿದೆ. ೨೦೨೫ರಲ್ಲಿ ಹೊರಬಂದ ಡೆಬಿಯನ್ ವ್ಯವಸ್ಥೆಯ ೧೩ನೆಯ ಆವೃತ್ತಿಯು ಈ ದಾರಿಯನ್ನು ಹಿಡಿದಿದೆ. ಹಳೆಯ ದಾಖಲೆಗಳನ್ನು ಹೊಸ ಕೋಶಕ್ಕೆ ಇಳಿಸುವ ಸಾಧನವೂ ಇದೆ. ಅಲ್ಲಿಯೂ ಕೇಳಬೇಕಾದ ಪ್ರಶ್ನೆಗಳು ಕಲ್ಲಿನ ಮುಂದೆ ಕೇಳುವುವೇ: ಎಣಿಕೆಯ ಮೊದಲು ಯಾವುದು, ಯಾವ ಅಂಕಣಕ್ಕೆ ಹೊಸದರಲ್ಲಿ ಸ್ಥಳವಿಲ್ಲ, ಪ್ರತಿಯನ್ನು ಮೂಲದೊಡನೆ ಹೋಲಿಸಿ ನೋಡಿದವರಾರು?

ಶಾಸನಗಳು ಗಣಕಕ್ಕೆ ಬರುವಾಗಲೂ ಹಳೆಯ ತಪ್ಪುಗಳು ಹೊಸ ವೇಷದಲ್ಲಿ ಬರುವುದುಂಟು. ಜಗತ್ತಿನ ಲಿಪಿಗಳಿಗೆಲ್ಲ ಸಂಕೇತಗಳನ್ನು ಗೊತ್ತುಮಾಡಿದ ಯೂನಿಕೋಡ್ ಕ್ರಮದಲ್ಲಿ ಕನ್ನಡದ ೞ ಅಕ್ಷರಕ್ಕೆ ಸ್ಥಾನವು ದೊರೆತಿತು. ಆದರೆ ಅದರ ಇಂಗ್ಲಿಷ್ ಹೆಸರು 'ಎಫ್‌ಎ', ಅಂದರೆ ಫಕಾರವೆಂಬಂತೆ, ತಪ್ಪಾಗಿ ದಾಖಲಾಯಿತು. ಒಮ್ಮೆ ಇಟ್ಟ ಹೆಸರನ್ನು ಬದಲಾಯಿಸಕೂಡದೆಂಬುದು ಆ ಸಂಸ್ಥೆಯ ನಿಯಮವಾದುದರಿಂದ, ತಪ್ಪು ಹೆಸರನ್ನು ಹಾಗೆಯೇ ಉಳಿಸಿ, ಸರಿಯಾದ ಹೆಸರನ್ನು ತಿದ್ದುಪಡಿಯಾಗಿ ಪಕ್ಕದಲ್ಲಿ ಸೇರಿಸಿದ್ದಾರೆ. ಹೆಸರು ತಪ್ಪಿದರೂ ಅಕ್ಷರವು ಉಳಿಯಿತೆಂಬುದೂ, ತಿದ್ದುಪಡಿಯು ಮೂಲವನ್ನು ಅಳಿಸದೆ ಅದರ ಮಗ್ಗುಲಲ್ಲಿ ನಿಂತಿತೆಂಬುದೂ ಗಮನಾರ್ಹ. ಶಾಸನಪಾಠದ ಸಂಪಾದಕನು ಅನುಸರಿಸಬೇಕಾದ ಕ್ರಮವೂ ಇದೇ: ಕಲ್ಲಿನಲ್ಲಿರುವುದನ್ನು ಇದ್ದಂತೆ ಕೊಟ್ಟು, ತಾನು ಊಹಿಸಿದುದನ್ನು ಆವರಣದಲ್ಲಿಟ್ಟು, ಎರಡರ ಗಡಿಯನ್ನು ಓದುಗನಿಗೆ ತೋರಿಸಬೇಕು.

ಬೆಂಗಳೂರಿನ ಮಿಥಿಕ್ ಸೊಸೈಟಿಯು ೨೦೨೧ರಿಂದ ಬೆಂಗಳೂರು ಸೀಮೆಯ ಶಾಸನಶಿಲೆಗಳ ಮೂರು ಆಯಾಮದ ಪ್ರತಿರೂಪಗಳನ್ನು ಗಣಕದಲ್ಲಿ ಸಂಗ್ರಹಿಸುವ ಕಾರ್ಯವನ್ನು ಕೈಕೊಂಡಿತು. ಇಂಥ ಪ್ರತಿಯಲ್ಲಿ ಅಕ್ಷರದ ಆಳವೂ ಶಿಲ್ಪದ ರೂಪವೂ ಒಟ್ಟಿಗೆ ಉಳಿಯುವುದರಿಂದ, ೧೯೦೫ರ ಅಚ್ಚಿನಲ್ಲಿ ದಾಟದೆ ಹೋದುದು ಇದರಲ್ಲಿ ದಾಟಲು ಅವಕಾಶವಿದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಪ್ರತಿಯೊಂದು ಕಲ್ಲಿಗೂ ಈ ಸಂಸ್ಕಾರವು ಆಗಬೇಕಾಗಿದೆ. ಹೊಲದ ಬದುವಿನಲ್ಲಿ ನಿಂತ ಕಲ್ಲು ನೇಗಿಲಿಗೆ ಅಡ್ಡವೆಂದು ಕಿತ್ತುಹೋಗುವುದು. ಗುಡಿಯ ಗೋಡೆಯ ಅಕ್ಷರವು ಸುಣ್ಣಬಣ್ಣಗಳಡಿಯಲ್ಲಿ ಮುಚ್ಚಿಹೋಗುವುದು. ಹಾಗೆ ಕಲ್ಲು ಹೋದೆಡೆಯಲ್ಲಿ ಮುದ್ರಿತಪಾಠವೊಂದೇ ಮೂಲದ ಸ್ಥಾನವನ್ನು ವಹಿಸುವುದು. ಅದರಲ್ಲಿ ಸೇರಿದ ತಪ್ಪನ್ನು ತಿದ್ದಲು ಬೇರೆ ನ್ಯಾಯಾಧಿಪತಿಯಿರುವುದಿಲ್ಲ.

ಒಟ್ಟಿನಲ್ಲಿ, ದಾಖಲೆಯು ರೂಪವನ್ನು ಬದಲಾಯಿಸುವುದು ದೋಷವಲ್ಲ; ಬದಲಾಯಿಸದಿದ್ದರೆ ಅದು ಬದುಕಲಾರದು. ಓಲೆಯು ಕಲ್ಲಾಗದಿದ್ದರೆ ತ್ರಿಭುವನಕರ್ತಾರನ ಹೆಸರು ಉಳಿಯುತ್ತಿರಲಿಲ್ಲ. ಕಲ್ಲು ಅಚ್ಚಾಗದಿದ್ದರೆ ಲಕ್ಕಣ್ಣ ದಂಡೇಶನ ಶಾಸನವನ್ನು ದೂರದ ಅಧ್ಯಾಪಕನು ಓದಲಾಗುತ್ತಿರಲಿಲ್ಲ. ದೋಷವು ಇರುವುದು, ಯಾವುದು ಬೇಕು, ಯಾವುದು ಬೇಡವೆಂಬುದನ್ನು ಪ್ರತಿಮಾಡುವವನು ತನ್ನ ಕಾಲದ ಪ್ರಯೋಜನದಿಂದಲೇ ನಿರ್ಣಯಿಸಿಬಿಡುವುದರಲ್ಲಿ. ವಾರವೂ ನಕ್ಷತ್ರವೂ, ೞಕಾರವೂ ಱಕಾರವೂ, ಹಳೆಯ ಊರಹೆಸರೂ ಹಳೆಯ ಕ್ರಮಸಂಖ್ಯೆಯೂ ಮುಂದೆ ಯಾವ ಪ್ರಶ್ನೆಗೆ ಉತ್ತರವಾಗುವುವೋ ಇಂದು ಹೇಳಬಲ್ಲವರಿಲ್ಲ. ಆದುದರಿಂದ ಅವೆಲ್ಲವನ್ನೂ ದಾಟಿಸಿ, ಪ್ರತಿಯನ್ನು ಮೂಲದೊಡನೆ ಸಾಲುಸಾಲಾಗಿ ಹೋಲಿಸಿ, ಅನಂತರವೂ ಮೂಲವನ್ನು ಕಾಪಾಡುವುದೇ ಪ್ರತಿಕಾರನ ಧರ್ಮ. ದಾನವನ್ನು ಕೊಡುವುದಕ್ಕಿಂತ ಕೊಟ್ಟ ದಾನವನ್ನು ಪಾಲಿಸುವುದು ಹೆಚ್ಚಿನದೆಂದು ಶಾಸನಗಳು ಕೊನೆಯಲ್ಲಿ ಸಾರುವುವು. ಬರೆಹದ ವಿಷಯದಲ್ಲಿಯೂ ಆ ಮಾತು ಸಲ್ಲುವುದು.